ಆಡಿ ತಿಂಗಳ ಕಡಲು

ಕಡಲು ನೋಡೋಕೆ ಯಾವ ತಿಂಗಳು ಒಳ್ಳೇದು ಎಂದು ತಂಗಮ್ಮಾಳ್ ಬಾಯಿ ತೆರೆದು ಕೇಳಿದ್ದೇ ತಪ್ಪಾಯಿತು. ತಮಿಳು ಸೀಮೆಯ ಚಿನ್ನಮನೂರಿನ ಆ ಬೀದಿಯಲ್ಲಿ ಕಡಲು ಕಂಡವರು ಬೆರಳೆಣಿಕೆಯಷ್ಟು ಜನ. ಆದರೆ ಯಾವಾಗ ಹೋಗಬೇಕು, ಯಾವಾಗ ಹೋಗಬಾರದು ಎಂದು ಹೇಳಬಲ್ಲವರು ಮನೆಗೆ ನಾಲ್ವರು. ಪಂಗುನಿಯ ಬಿಸಿಲಲ್ಲಿ ಹೋದರೆ ಮರಳು ಕಾಲು ಸುಡುತ್ತದಂತೆ, ಐಪ್ಪಸಿಯ ಮಳೆಯಲ್ಲಿ ಹೋದರೆ ರೈಲೇ ಕೊಚ್ಚಿಹೋಗುತ್ತದಂತೆ. ಇಪ್ಪತ್ತು ವರ್ಷದ ಹೊಸ ಸೊಸೆ ಎಲ್ಲದಕ್ಕೂ ತಲೆಯಾಡಿಸಿದಳು. ತಲೆಯಾಡಿಸಿದ ಮಾತ್ರಕ್ಕೆ ಒಪ್ಪಿದಳೆಂದು ತಿಳಿದವರು ಅವಳನ್ನು ಇನ್ನೂ ಅರಿತಿರಲಿಲ್ಲ.

ಈ ಹುಚ್ಚು ಹತ್ತಿಸಿದವನು ಅವಳ ಗಂಡ ಜೆಯರಾಜ್. ಬೋಡಿಮೆಟ್ಟಿನಿಂದ ಏಲಕ್ಕಿ ಮೂಟೆ ಇಳಿಸುವ ಲಾರಿಯ ಡ್ರೈವರು. ಹಿಂದಿನ ವರ್ಷ, ಅಂದರೆ ಅರವತ್ತೈದರಲ್ಲಿ, ಬಾಡಿಗೆಯ ಮೇಲೆ ಘಟ್ಟದಾಚೆ ಕೇರಳದ ವರ್ಕಲದವರೆಗೆ ಹೋಗಿ ಬಂದಿದ್ದ. ಮದುವೆಯಾದ ವಾರದಲ್ಲೇ, ಹಿತ್ತಲಲ್ಲಿ ಲಾರಿಯ ಟಾರ್ಪಾಲು ಹೊಲಿಯುತ್ತಾ ಹೆಂಡತಿಗೆ ಹೇಳಿದ್ದ.

"ಆಡೀಲಿ ನೋಡ್ಬೇಕು ಪುಳ್ಳೆ. ಅಲೆ ಅಂದ್ರೆ ಅದು ಅಲೆ. ಮೀನು ಹಿಡಿಯೋರು ಒಂದು ಹಲಗೆ ಮ್ಯಾಲೆ ನಿಂತ್ಕೊಂಡು, ಆ ಅಲೆ ನೆತ್ತಿ ಮ್ಯಾಲೇ ಸವಾರಿ ಮಾಡ್ಕೊಂಡು ದಡಕ್ಕೆ ಬರ್ತಾರೆ. ಸುಮ್ಮಾ ಅಲ್ಲ, ನಿಂತ್ಕೊಂಡು!"

ಅಂದಿನಿಂದ ಅವಳಿಗೆ ಬೇರೇನೂ ಬೇಡವಾಯಿತು. ಸಂಕ್ರಾಂತಿಯ ತೈ ತಿಂಗಳಲ್ಲಿ ಹೇಗಿರುತ್ತದೆ ಎಂದು ಕೇಳಿದಳು. ಅವನು ಕೈ ಬೀಸಿ, "ತೈಯಲ್ಲಿ ನಮ್ಮೂರ ಕಣ್ಮಾಯಿ ಇದ್ದಂಗೆ ಮಲಗಿರ್ತದೆ," ಅಂದ. ಕಣ್ಮಾಯಿ ಎಂದರೆ ಊರ ಕೆರೆ. ಕೆರೆ ನೋಡಲು ಘಟ್ಟ ದಾಟಬೇಕೆ?

ಅತ್ತೆ ಪಾಂಡಿಯಮ್ಮಾಳ್ ಮಾತ್ರ ತೈ ಬಿಟ್ಟು ಕದಲಲಿಲ್ಲ. ಅವರು ಮೂರು ಸಲ ರಾಮೇಶ್ವರಕ್ಕೆ ಹೋಗಿ ಬಂದವರು, ಮೂರೂ ಸಲ ತೈಯಲ್ಲೇ. ಮೂವತ್ತು ಜನ, ಒಂದು ರೈಲು ಡಬ್ಬಿ, ಸಾಕಷ್ಟು ಪಾತ್ರೆ.

"ಕಡಲು ಹೆಂಗಿತ್ತು ಅತ್ತೆ?"

"ಹೆಂಗಿರ್ತದೆ? ನೀರು. ಉಪ್ಪು. ಮೂವತ್ತು ಜನಕ್ಕೆ ಪುಳಿಯೋಗರೆ ಕಲೆಸೋಳಿಗೆ ಕಡಲು ನೋಡ್ತಾ ಕೂರೋಕೆ ಆಗ್ತದೇನ್ಡೀ?"

ಅವರು ಹೆಮ್ಮೆಯಿಂದಲೇ ಹೇಳಿದರು. ತಂಗಮ್ಮಾಳ್‌ಗೆ ಮೈ ಉರಿದುಹೋಯಿತು. ಮೂರು ಸಲ ಕಡಲಿನ ಮುಂದೆ ನಿಂತು ಮೂರು ಸಲವೂ ಒಲೆಯನ್ನೇ ನೋಡಿದ ಹೆಂಗಸು ತನಗೆ ತಿಂಗಳು ಆರಿಸಿ ಕೊಡುತ್ತಿದ್ದಾರೆ! ಬರುವ ತೈಯಲ್ಲಿ ಆ ಪಾತ್ರೆಗಳ ನಡುವೆ ಕೂರುವವಳು ತಾನೇ. ಅದರ ಮುಂದಿನ ತೈಗೆ ಕಂಕುಳಲ್ಲಿ ಮಗುವೂ ಇರುತ್ತದೆ. ಕಡಲು ನೋಡುವುದಿದ್ದರೆ ಈ ವರ್ಷವೇ, ಅದೂ ಎದ್ದು ನಿಂತ ಕಡಲನ್ನೇ.

ಆಡಿ, ಅಂದರೆ ಆಷಾಢ, ಹುಟ್ಟಲು ಹದಿನೈದು ದಿನವಿತ್ತು. ಆಡಿಯಲ್ಲಿ ಹೊಸ ಗಂಡಹೆಂಡತಿ ಒಂದೇ ಸೂರಿನಡಿ ಇರಬಾರದು. ಆಡಿಯಲ್ಲಿ ಬಸಿರು ನಿಂತರೆ ಚಿತ್ತಿರೈ ಬಿಸಿಲಿಗೆ ಹೆರಿಗೆ, ಅದು ಮನೆಗಾಗದು ಎಂಬ ನಂಬಿಕೆ. ಹಾಗಾಗಿ ಮದುಮಗಳು ತಿಂಗಳಿಡೀ ತವರಲ್ಲಿ. ಮುಂದಿನ ತಿಂಗಳು ಆವಣಿ ಹುಟ್ಟಿದ ದಿನ ಗಂಡನ ಮನೆಯವರು ಹೂವು ಹಣ್ಣು ಸೀರೆ ಹೊತ್ತುಕೊಂಡು ಹೋಗಿ ಅವಳನ್ನು ಕರೆತರಬೇಕು. ಕರೆಯದೆ ಬರುವಂತಿಲ್ಲ. ಕರೆಯಲು ಯಾರೂ ಹೋಗದಿದ್ದರೆ ಆ ಮದುವೆ ಅಲ್ಲಿಗೇ ನಿಂತಿತೆಂದು ಊರು ತಿಳಿಯುತ್ತದೆ.

ಹೊರಡುವ ದಿನ, ಗಂಟು ಕಟ್ಟಿಕೊಂಡು ನಡುಮನೆಯಲ್ಲಿ ನಿಂತು ತಂಗಮ್ಮಾಳ್ ಹೇಳಿಯೇಬಿಟ್ಟಳು.

"ಅತ್ತೆ, ನಾನು ಅವ್ವನ ಜತೆ ವರ್ಕಲಕ್ಕೆ ಹೋಗ್ತೀನಿ. ಅಲೆ ನೋಡೋಕೆ."

ಪಾಂಡಿಯಮ್ಮಾಳ್ ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಆಡೀಲಿ? ಅದೆಲ್ಲಾ ಮುಡಿಯಾದು, ಆಗಲ್ಲ. ಊರೆಲ್ಲ ಆಡ್ಕೊಳ್ತದೆ."

"ಆಡ್ಕೊಳ್ಳಲಿ ಬುಡಿ. ತಿಂಗಳೇ ಆಡಿ. ಆಡಿ ಬರೋಕೆ ಇದಕ್ಕಿಂತ ಒಳ್ಳೇ ತಿಂಗಳು ಎಲ್ಲಿ ಸಿಕ್ತದೆ?"

ಈ ಮಾತನ್ನು ತಮಿಳಿನಲ್ಲಿ ಹೇಳಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಮನೆಮಾತಾದ ಕನ್ನಡದಲ್ಲಿ ಹೇಳಿದಳು, ಅದಕ್ಕೇ ನೆಟ್ಟಗೆ ಹೋಗಿ ನಾಟಿತು. ಅತ್ತೆಯ ಮುಖ ಕೆಂಪಾಯಿತು.

"ಈ ಮನೆ ಸೊಸೆ ನೀನು."

"ಹನ್ನೊಂದು ತಿಂಗಳು ಈ ಮನೆ ಸೊಸೆ. ಆಡೀಲಿ ಅವ್ವನ ಮಗಳು. ಈ ಕಟ್ಟುಪಾಡು ಮಾಡಿದ್ದು ನಾನಲ್ಲ, ನೀವು."

"ಹಂಗಾದ್ರೆ ಕೇಳ್ಕೋ," ಪಾಂಡಿಯಮ್ಮಾಳ್ ಬಾಗಿಲು ತೋರಿಸಿದರು. "ನೀನು ಹೋದ್ರೆ, ಆವಣೀಲಿ ಕರೆಯೋಕೆ ಇಲ್ಲಿಂದ ಒಂದು ನಾಯೀನೂ ಬರಲ್ಲ."

ತಂಗಮ್ಮಾಳ್ ಗಂಡನ ಕಡೆ ನೋಡಿದಳು. ಜೆಯರಾಜ್ ಘಟ್ಟದ ತಿರುವುಗಳಲ್ಲಿ ತುಂಬಿದ ಲಾರಿಯನ್ನು ಒಂದೇ ಕೈಯಲ್ಲಿ ತಿರುಗಿಸುವವನು. ಈಗ ಎರಡೂ ಕೈ ಕಂಕುಳಲ್ಲಿ ಸೇರಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕುತ್ತಿದ್ದ. ಅವಳಿಗೆ ಅಳು ಬಂತು. ಅಳುವಿಗಿಂತ ಮೊದಲು ಸಿಟ್ಟು ಬಂತು. ಗಂಟೆತ್ತಿಕೊಂಡು ಹೊರಟಳು.

ವೇದಸಂದೂರಿನಲ್ಲಿ ಅವಳವ್ವ ವೀರಮ್ಮಾಳ್ ಸುದ್ದಿ ಕೇಳಿ ಎದೆ ಹಿಡಿದುಕೊಂಡರು. ಗಂಡ ಸತ್ತ ಮೇಲೆ ಒಬ್ಬಳೇ ಮಗಳನ್ನು ಸಾಕಿ ಮದುವೆ ಮಾಡಿದ ಹೆಂಗಸು. ಜಗಳಕ್ಕಿಂತ ಉಪಾಯ ಲೇಸು ಎಂದು ಬಲ್ಲವರು.

"ಒಂದು ಕೆಲಸ ಮಾಡಾಣ. ಆಡಿ ಅಮಾಸೆಗೆ ನಿಮ್ಮಪ್ಪನಿಗೆ ಎಳ್ಳುನೀರು ಬಿಡೋಕೆ ಹೋದ್ವಿ ಅಂತ ಹೇಳಿ ಕಳಿಸ್ತೀನಿ. ವರ್ಕಲದಲ್ಲಿ ಅದಕ್ಕೆ ಊರಿಗೂರೇ ಸೇರ್ತದಂತೆ. ಯಾರೂ ಬಾಯಿ ಬಿಡಲ್ಲ."

"ಬೇಡವ್ವ."

"ಯಾಕೆ ಬೇಡ? ಸುಳ್ಳೂ ಅಲ್ಲ. ಬಿಟ್ರಾಯ್ತು."

"ಎಳ್ಳುನೀರು ಬಿಡು, ನಾನೇನು ಬೇಡ ಅಂದೆನಾ? ಆದ್ರೆ ನಾನು ಹೋಗ್ತಿರೋದು ಅಲೆ ನೋಡೋಕೆ. ಅಪ್ಪನ ಹೆಸರು ಹೇಳಿ ಬಚ್ಚಿಟ್ಕೊಳ್ಳೋಂಥ ತಪ್ಪು ನಾನೇನು ಮಾಡ್ತಿದೀನಿ?"

ವೀರಮ್ಮಾಳ್ ಒಳಗೆ ಹೋಗಿ ತಮ್ಮ ಎರಡು ಸೀರೆ ಮಡಚಿದರು.

ದಿಂಡಿಗಲ್ಲಿನಲ್ಲಿ ರೈಲು ಹತ್ತಿ, ಮದುರೆ ದಾಟಿ, ಸೆಂಗೋಟ್ಟೆಯ ಸುರಂಗಗಳಲ್ಲಿ ಕಣ್ಣು ಮುಚ್ಚಿ ತೆರೆದು, ಕೊಲ್ಲಂ ದಾಟಿ ವರ್ಕಲದಲ್ಲಿ ಇಳಿದಾಗ ಮಳೆ ಹಿಡಿದಿತ್ತು. ಚಹಾ ಅಂಗಡಿಯವನು ಇವರನ್ನು ನೋಡಿ, ಮುರುಕು ತಮಿಳಿನಲ್ಲಿ, ಡಿಸೆಂಬರಿನಲ್ಲಿ ಬರಬೇಕಿತ್ತಮ್ಮಾ, ಈಗ ಇಲ್ಲಿ ಏನಿದೆ ಎಂದು ಮರುಗಿದ. ಎಲ್ಲ ಊರಿನಲ್ಲೂ ಒಬ್ಬ ಪಾಂಡಿಯಮ್ಮಾಳ್ ಇರುತ್ತಾರೆ ಎಂದುಕೊಂಡು ತಂಗಮ್ಮಾಳ್ ಚಹಾ ಕುಡಿದಳು.

ಕೆಂಪು ದಿಬ್ಬದ ಕೊನೆಗೆ ಬಂದಾಗ ಕಡಲು ಕಂಡಿತು. ಮೊದಲು ಸದ್ದು ಹೊಟ್ಟೆಯೊಳಗೆ ಬಿತ್ತು. ಆಮೇಲೆ ಬೂದು ಬಣ್ಣದ ನೀರು ಗೋಡೆಯಂತೆ ಎದ್ದು, ನಿಂತು, ಯಾರ ಅಪ್ಪಣೆಯನ್ನೂ ಕೇಳದೆ ಬಂದು ದಡಕ್ಕೆ ಅಪ್ಪಳಿಸಿತು. ಗಂಡ ಹೇಳಿದ್ದು ಸುಳ್ಳಲ್ಲ. ದೂರದಲ್ಲಿ ಬರಿಮೈಯ ಮೀನುಗಾರನೊಬ್ಬ ಹಲಗೆಯ ಮೇಲೆ ಎದ್ದು ನಿಂತಿದ್ದ. ಅಲೆ ಅವನನ್ನು ಹೊತ್ತು ತರುತ್ತಿತ್ತು, ಅವನು ಮೊಣಕಾಲು ಬಗ್ಗಿಸಿ ಮಳೆಯಲ್ಲಿ ನಗುತ್ತಿದ್ದ. ತಂಗಮ್ಮಾಳ್ ಓಡಿ ಕೆಳಗಿಳಿದಳು.

ಮೊದಲ ಅಲೆ ಅವಳನ್ನು ಕುಂಡೆಯ ಮೇಲೆ ಕೂರಿಸಿತು. ಎರಡನೆಯದು ಬಾಯ್ತುಂಬ ಉಪ್ಪು ತುಂಬಿತು. ವೀರಮ್ಮಾಳ್ ಮಗಳನ್ನು ಎಳೆಯಲು ಬಂದು, ಮೊಣಕಾಲುದ್ದ ನೀರಲ್ಲಿ ನಿಂತು, ಬೆಳೆಗೆ ನುಗ್ಗಿದ ಎಮ್ಮೆಗೆ ಹೇಳುವಂತೆ ಕಡಲಿಗೆ "ಏಯ್, ಹೋಗಾಚೆ! ಹೋಗಾಚೆ!" ಎಂದು ಕೈ ಬೀಸಿದರು. ತಂಗಮ್ಮಾಳ್ ಎದ್ದು ನಿಂತಳು. ಮತ್ತೆ ಬಿದ್ದಳು, ಮತ್ತೆ ಎದ್ದಳು. ಹುಟ್ಟಿದಂದಿನಿಂದ ಇಷ್ಟು ಸಂತೋಷ ಅವಳಿಗೆ ಆಗಿರಲಿಲ್ಲ. ಇದಕ್ಕಾಗಿ ಮನೆ ಹೋದರೆ ಹೋಗಲಿ ಎನ್ನಿಸಲಿಲ್ಲ. ಮನೆಯೂ ಬೇಕು, ಇದೂ ಬೇಕು, ಯಾಕೆ ಒಂದನ್ನು ಬಿಡಬೇಕು ಎನ್ನಿಸಿತು.

ಆವಣಿ ಹುಟ್ಟಿತು. ವೀರಮ್ಮಾಳ್ ಅಂಗಳ ಸಾರಿಸಿ ರಂಗೋಲಿ ಇಟ್ಟು ಕಾದರು. ಯಾರೂ ಬರಲಿಲ್ಲ. ಎರಡನೇ ದಿನವೂ ಬರಲಿಲ್ಲ. ಐದನೇ ದಿನ ಜೆಯರಾಜ್‌ನ ಕಾರ್ಡು ಬಂತು, ಅಮ್ಮನ ಸಿಟ್ಟು ಇನ್ನೂ ಇಳಿದಿಲ್ಲ, ಸ್ವಲ್ಪ ಕಾಯಿ ಎಂದು. ಅಕ್ಕಪಕ್ಕದವರು ನೀರು ಸೇದುವಾಗ ದನಿ ತಗ್ಗಿಸತೊಡಗಿದರು. ಹಿರಿಯರನ್ನು ಕಳಿಸಿ ತಪ್ಪಾಯಿತು ಅನ್ನಿಸೋಣ ಎಂದು ವೀರಮ್ಮಾಳ್ ಅಳುತ್ತಾ ಹೇಳಿದರು. ಏನು ತಪ್ಪಾಯಿತು ಎಂದು ತಂಗಮ್ಮಾಳ್ ಕೇಳಿದಳು. ಆರನೇ ದಿನ ಬೆಳಿಗ್ಗೆ ತಲೆ ಬಾಚಿಕೊಂಡು, ಗಂಟೆತ್ತಿಕೊಂಡು, ಒಬ್ಬಳೇ ಬಸ್ಸು ಹತ್ತಿದಳು.

ಚಿನ್ನಮನೂರಿನಲ್ಲಿ ಇಳಿದು ಬೀದಿಯುದ್ದಕ್ಕೂ ನಡುವೆಯೇ ನಡೆದಳು. ಜಗಲಿಗಳ ಮೇಲೆ ಕೂತವರು ಎದ್ದು ಬಂದು ನೋಡಿದರು. ಪಾಂಡಿಯಮ್ಮಾಳ್ ಹೊಸ್ತಿಲಿಗೆ ಅಡ್ಡ ನಿಂತಿದ್ದರು. ಅವರ ಹಿಂದೆ ನಡುಮನೆಯಲ್ಲಿ ಜೆಯರಾಜ್ ಊಟ ಮುಗಿಸಿ ಕೂತಿದ್ದ.

"ಯಾರು ಕರ್ಕೊಂಡು ಬಂದ್ರು ನಿನ್ನ?"

"ಯಾರೂ ಇಲ್ಲ. ನಾನೇ ಬಂದೆ."

"ಕರೆಯದೆ ಬಂದೋಳಿಗೆ ಈ ಮನೇಲಿ ಜಾಗ ಇಲ್ಲ."

ತಂಗಮ್ಮಾಳ್ ಗಂಟನ್ನು ಕಂಕುಳಿಗೆ ಬದಲಿಸಿದಳು.

"ಕರ್ಕೊಂಡು ಬಂದೋಳನ್ನ ತಿರುಗಿ ಕಳಿಸ್ಬಹುದು ಅತ್ತೆ. ತಾನೇ ಬಂದೋಳನ್ನ ಎಲ್ಲಿಗೆ ಅಂತ ಕಳಿಸ್ತೀರಿ?"

ಪಾಂಡಿಯಮ್ಮಾಳ್ ಮಗನ ಕಡೆ ತಿರುಗಿದಾಗ, ಅವರ ತೋಳಿನ ಪಕ್ಕದಿಂದ ಅವಳು ಹೊಸ್ತಿಲು ದಾಟಿದಳು. ಅಡುಗೆಮನೆಗೆ ಹೋಗಲಿಲ್ಲ. ನಡುಮನೆಯ ನಡುವೆ ಗಂಟಿಟ್ಟು, ಗೋಡೆಗೊರಗಿ ಕೂತು, ಬಸ್ಸಿನಲ್ಲಿ ಊದಿದ ಕಾಲು ಚಾಚಿದಳು. ಗಂಡನನ್ನು ನೋಡಿ, ಅತ್ತೆಗೂ ಬೀದಿಗೂ ಕೇಳುವಂತೆ ಹೇಳಿದಳು:

"ಬಾಯಾರಿಕೆ ಆಗಿದೆ. ನೀರು ತಂದ್ಕೊಡಿ."

ಜೆಯರಾಜ್ ತಾಯಿಯ ಮುಖ ನೋಡಿದ. ಹೆಂಡತಿಯ ಮುಖ ನೋಡಿದ. ಆಮೇಲೆ ಎದ್ದು, ಅಡುಗೆಮನೆಗೆ ಹೋಗಿ, ಚೊಂಬಿನಲ್ಲಿ ನೀರು ತಂದುಕೊಟ್ಟ.