ದೌಲಪ್ಪನವರ ತಬಕದ ಗುಳಗಿ

ಈ ಕಥೆಯನ್ನು ಮೊದಲು ಹೇಳಿದವರು ಕಮಲಾಪುರದ ಅನ್ನಮ್ಮ. ೨೦೦೩ರ ಶ್ರಾವಣದಲ್ಲಿ, ಕುಸನೂರಿನ ತಮ್ಮ ಮಗಳ ಮನೆಯ ಕಟ್ಟೆಯ ಮೇಲೆ. ನಡೆದದ್ದು ಅದಕ್ಕೆ ಮೂರು ವರ್ಷ ಹಿಂದೆ, ಕಮಲಾಪುರದ ಅವರ ನೆರೆಮನೆಯಲ್ಲಿ. ಬೇರೊಬ್ಬರಿಂದ ಕೇಳಿದ ಪಾಠದಲ್ಲಿ ಅತಿಥಿಗಳು ಹನ್ನೊಂದು ಮಂದಿ, ಅನ್ನಮ್ಮ ಏಳೆನ್ನುತ್ತಾರೆ. ಅವರು ಕಣ್ಣಾರೆ ಕಂಡವರಾದ್ದರಿಂದ ನಾನು ಏಳನ್ನೇ ಉಳಿಸಿಕೊಂಡಿದ್ದೇನೆ.

ತೊಗರಿ ವ್ಯಾಪಾರಿ ದೌಲಪ್ಪನವರ ಮನೆಯಲ್ಲಿ ಊಟವಾದ ಮೇಲೆ ಎಲೆ-ಅಡಿಕೆಯ ತಬಕ ಪಡಸಾಲೆಗೆ ಬರುತ್ತಿತ್ತು. ಬಂದವರೆಲ್ಲ ತೆಗೆದುಕೊಂಡ ಮೇಲೆಯೇ ಯಜಮಾನರು ಕೈ ಹಾಕಬೇಕು. ಒಡ್ಡಿದ್ದನ್ನು ಯಾರೂ ಒಲ್ಲೆ ಎನ್ನಬಾರದು. ಇದು ಅಜ್ಜನ ಕಾಲದ ಪದ್ಧತಿ. ಕಲಬುರಗಿಯ ಸೇಡಂ ರಸ್ತೆಯ ಡಾಕ್ಟರಬಾಯಿ ಅವರ ರಕ್ತದಲ್ಲಿ ಕೊಬ್ಬು ಹೆಚ್ಚಿದೆಯೆಂದು ರಾತ್ರಿ ಊಟದ ನಂತರ ದಿನಕ್ಕೊಂದು ಸ್ಟ್ಯಾಟಿನ್ ಗುಳಗಿ ಬರೆದುಕೊಟ್ಟಾಗ, ಮಂದಿಯ ಮುಂದೆ ಒಬ್ಬರೇ ನುಂಗುವುದು ಅವರಿಗೆ ಘೋರ ಅನಾಚಾರವೆನಿಸಿತು. ಗುಳಗಿಗಳು ಲವಂಗ-ಯಾಲಕ್ಕಿಯ ಪಕ್ಕದಲ್ಲಿ ತಬಕ ಸೇರಿದವು. ಹಳೆಯ ಚೀಟಿ ತೋರಿಸಿದರೆ ಅಂಗಡಿಯವನು ಕೇಳಿದಷ್ಟು ಕೊಡುತ್ತಿದ್ದ.

ಅತಿಥಿಗಳು ಭಕ್ತಿಯಿಂದ ನುಂಗಿದರು. ಒಬ್ಬರು ಕೆಂಪು ಬಾಳೆಹಣ್ಣಿನ ತುಂಡಿನಲ್ಲಿಟ್ಟರೆ, ಮತ್ತೊಬ್ಬರು ಸುಣ್ಣ ಹಚ್ಚಿದ ಎಲೆಯಲ್ಲಿ ಮಡಚಿದರು. ಬಾಲ್ಯದ ಗೆಳೆಯ ಚಾಂದಪಾಶಾ ಸ್ನೇಹದ ಗುರುತಿಗೆ ಎರಡು ತೆಗೆದುಕೊಳ್ಳುತ್ತಿದ್ದರು. ತಬಕ ಯಜಮಾನರ ಬಳಿ ಬರುವ ಹೊತ್ತಿಗೆ ಹೆಚ್ಚಿನ ದಿನ ಅದರಲ್ಲಿ ಅಡಿಕೆಯ ಚೂರು ಮಾತ್ರ ಉಳಿದಿರುತ್ತಿತ್ತು.

ಕೆಲವು ತಿಂಗಳ ಮೇಲೆ ಪುನಃ ರಕ್ತಪರೀಕ್ಷೆ. ಜೊತೆಗೆ ಹೋದವಳು ಹಿಂದಿನ ದಿನವಷ್ಟೇ ತವರಿನಿಂದ ಬಂದಿದ್ದ ಸೊಸೆ ವಿಮಲಾಬಾಯಿ. ಕೊಬ್ಬು ಎಳ್ಳಷ್ಟೂ ಇಳಿದಿರಲಿಲ್ಲ. ಪ್ರಮಾಣ ಹೆಚ್ಚಿಸಲು ಪೆನ್ನು ತೆಗೆದ ಡಾಕ್ಟರಬಾಯಿ, ದಿನಾಲೂ ತಪ್ಪದೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು.

"ಒಂದು ದಿನಾನೂ ನಾ ಒಬ್ಬನಽ ತಿಂದಿಲ್ರೀ," ಎಂದರು ದೌಲಪ್ಪ, ಹೆಮ್ಮೆಯಿಂದ.

ಪೆನ್ನು ಮೇಜಿಗೆ ಮರಳಿತು. ಒಬ್ಬರ ಗುಳಗಿ ಇನ್ನೊಬ್ಬರಿಗೆ ಸಲ್ಲದು. ಕೆಲವು ಔಷಧಗಳ ಜೊತೆ ಸೇರಿದರೆ ಸ್ನಾಯು ಹಾಳಾಗಿ, ಮೂತ್ರ ಕಪ್ಪಾಗಿ, ಮೂತ್ರಪಿಂಡಕ್ಕೂ ಕುತ್ತು. ಬಸುರಿಯರಂತೂ ತೆಗೆದುಕೊಳ್ಳಲೇಬಾರದು ಎಂದು ಆಕೆ ಬಹಳ ಹೊತ್ತು ತಿಳಿಹೇಳಿದರು. ಬಸ್ಸಿನಲ್ಲಿ ದೌಲಪ್ಪನವರು ಸೊಸೆಗೆ, ಡಾಕ್ಟರಬಾಯಿ ಓದಿದಾಕೆ ನಿಜ, ಆದರೆ ನಾಲ್ಕು ಮಂದಿ ಉಣ್ಣುವ ಮನೆಯಲ್ಲಿ ಬೆಳೆದಂತಿಲ್ಲ ಎಂದರು.

ವಿಮಲಾಬಾಯಿಗೆ ಆಗ ಎರಡು ತಿಂಗಳು. ದೃಷ್ಟಿಯಾದೀತು, ಮೂರು ತುಂಬುವವರೆಗೆ ಬಾಯಿಬಿಡಬೇಡವೆಂದು ತವರಿನವರು ತಾಕೀತು ಮಾಡಿದ್ದರು.

ಅಂದು ರಾತ್ರಿ ಊಟಕ್ಕೆ ಏಳು ಮಂದಿ. ಚಾಂದಪಾಶಾ ಕೆಮ್ಮಿಗೆ ಬೇರೆ ಗುಳಗಿ ಹಿಡಿದು ವಾರವಾಗಿತ್ತು. ತೊಡೆನೋವೆಂದು ಗೋಡೆ ಹಿಡಿದೇ ಕೂತಿದ್ದರು. ಅತ್ತೆ ಶಿವಕಾಂತಮ್ಮ, ತವರಿನಿಂದ ಬಂದವಳಿಗೂ ಮರ್ಯಾದೆ ಸಲ್ಲಬೇಕೆಂದು, ಬಾಗಿಲಲ್ಲಿ ನಿಂತಿದ್ದ ಸೊಸೆಯ ಮುಂದೆ ತಬಕ ಹಿಡಿದರು.

"ಒಲ್ಲೆ ರೀ ಅತ್ತಿ."

"ಮಾವನೋರು ಕೊಟ್ಟಿದ್ದು ಒಲ್ಲೆ ಅಂತೀಯೇನು? ಇಷ್ಟು ಮಂದಿ ತಿಂತಾರ, ಯಾರು ಸತ್ತಾರ?"

"ನನಗ ಎರಡು ತಿಂಗಳಾಗ್ಯಾವ್ರೀ. ಬಸುರಿ ಇದು ತಿನ್ನಬಾರದು."

ಅವಳು ಅಷ್ಟಕ್ಕೇ ಬಿಡದೆ ಚಾಂದಪಾಶಾರ ಕಡೆ ತಿರುಗಿದಳು.

"ಕಾಕಾ, ನಿಮಗ ಏಳಾಕೂ ಆಗವಲ್ದು. ಮೂತ್ರ ಯಾವ ಬಣ್ಣ ಹೋಗ್ತದ, ಹೇಳ್ರಿ."

ಸೊಸೆಯೊಬ್ಬಳು ಹಿರಿಯ ಗಂಡಸಿನ ಮೂತ್ರ ವಿಚಾರಿಸಿದ್ದು ಕಮಲಾಪುರದಲ್ಲಿ ಅದೇ ಮೊದಲೆಂದು ಅನ್ನಮ್ಮ ಒತ್ತಿ ಹೇಳುತ್ತಾರೆ. ಶಿವಕಾಂತಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು.

"ಹಾಲಿಲ್ಲದ ಚಹಾ ಇದ್ದಂಗ ಆಗ್ಯಾದ ಬೇಟಿ," ಎಂದರು ಚಾಂದಪಾಶಾ ತಲೆ ತಗ್ಗಿಸಿ. "ಎರಡು ದಿನ ಆಯ್ತು. ದೋಸ್ತ್ ಕೊಟ್ಟಿದ್ದು, ಹ್ಯಾಂಗ ಹೇಳಲಿ ಅಂತ ಸುಮ್ಮನಿದ್ದೆ."

ಕೂಡಲೇ ಜೀಪು ತರಿಸಿದರು. ಕಲಬುರಗಿಯ ಆಸ್ಪತ್ರೆಯಲ್ಲಿ ಹತ್ತು ದಿನ ಸಲೈನು ಏರಿಸಿ ಅವರ ಮೂತ್ರಪಿಂಡ ಉಳಿಸಿದರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತೆಂದರು ಅಲ್ಲಿನ ಡಾಕ್ಟರರು.

ದೌಲಪ್ಪನವರು ಕಣ್ಣೀರಿಡುತ್ತ ಗುಳಗಿಗಳನ್ನೆಲ್ಲ ತಿಪ್ಪೆಗೆಸೆಯಲು ಹೊರಟರು. ಸೊಸೆ ಅಡ್ಡ ನಿಂತಳು.

"ನಿಮ್ಮದು ನೀವು ಬಿಡಬ್ಯಾಡ್ರಿ ಮಾವ. ಡಾಕ್ಟರಬಾಯಿ ಬ್ಯಾಡ ಅನ್ನೋತನಕ ದಿನಾ ಒಂದು. ನೀವೊಬ್ಬರಽ."

ಅಂದಿನಿಂದ ಅವರು ಊಟವಾದ ಮೇಲೆ ಗೋಡೆಗೆ ಮುಖ ಮಾಡಿ ಕಳ್ಳನಂತೆ ಒಂದನ್ನು ನುಂಗತೊಡಗಿದರು. ಮುಂದಿನ ಪರೀಕ್ಷೆಯಲ್ಲಿ ಕೊಬ್ಬು ಇಳಿದಿತ್ತು. ಮೊಮ್ಮಗಳು ಹುಟ್ಟಿ ತೊಟ್ಟಿಲಿಗೆ ಹಾಕುವ ಹೊತ್ತಿಗೂ ಅವರ ನಾಚಿಕೆ ಇಳಿದಿರಲಿಲ್ಲ.

ಅನ್ನಮ್ಮ ಕಥೆ ಮುಗಿಸಿದಾಗ ಕಟ್ಟೆಯ ಮೇಲಿದ್ದವರು ಎದ್ದರು. ಮಲ್ಕಪ್ಪ ಎಂಬವನು ಚಪ್ಪಲಿ ಮೆಟ್ಟುತ್ತ ನೆರೆಯ ಕಾಶಿರಾಯನಿಗೆ, ನೀ ಕೊಟ್ಟ ಬಿಪಿ ಗುಳಗಿ ನಾಳೆ ಮರಳಿಸುತ್ತೇನೆ ಎಂದು ಪಿಸುಗುಟ್ಟಿದ. ಅವು ತನ್ನವಲ್ಲ, ಬೀಗರವು ಎಂದ ಕಾಶಿರಾಯ. ಇಬ್ಬರೂ ಮನೆಯ ದಾರಿ ಹಿಡಿದರು.