ಪ್ಯೋನ ಲಾರಿಯ ಸೆಲ್ಫ್ ಮೋಟಾರು

ಪ್ಯೋ ತೇಸಿಕ್ ಒಂದೇ ವರ್ಷದಲ್ಲಿ ಮೂರನೇ ಸಲ ಲಾರಿ ತಂದು ಅಂಗಡಿಯ ಮುಂದೆ ನಿಲ್ಲಿಸಿದಾಗ ಮಾಲ್ಸುಕ್‌ಗೆ ನಿಜಕ್ಕೂ ಸಿಟ್ಟು ಬಂತು. ಯಂಗ್ಯಾಂಗ್ ಪೇಟೆಯಲ್ಲಿ ಇಂಜಿನ್ ಹಚ್ಚುವ ಸೆಲ್ಫ್ ಮೋಟಾರು, ಡೈನಮೊ ಬಿಚ್ಚಿ ರಿಪೇರಿ ಮಾಡುವವರ ಪೈಕಿ ಉಳಿದವಳು ಅವಳೊಬ್ಬಳೇ. ಗಂಡನ ಪಕ್ಕದಲ್ಲಿ ಕೂತು ಕಲಿತ ಕೆಲಸ. ಅವನು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವಳ ಕೈ ದಾಟಿ ಹೋದ ಮೋಟಾರು ಬೇಗನೆ ವಾಪಸು ಬಂದದ್ದೇ ಇಲ್ಲ, ಈ ಮನುಷ್ಯನದನ್ನು ಬಿಟ್ಟು.

ಲಾರಿಯನ್ನು ಇಳಿಜಾರಿನಲ್ಲಿ ಯಾರಿಂದಲೋ ತಳ್ಳಿಸಿಕೊಂಡು ಸ್ಟಾರ್ಟ್ ಮಾಡಿ ತಂದಿದ್ದ. ಇಪ್ಪತ್ತಾರು ವರ್ಷದ ಡೀಸೆಲ್ ಲಾರಿ. ಹಿಂದೆ ಎರಡೂ ಕಡೆ ಅಂತಸ್ತು ಅಂತಸ್ತಾಗಿ ಸಾಮಾನು: ಸೋಪು, ತೋಫು, ರಬ್ಬರ್ ಚಪ್ಪಲಿ, ಪಾತ್ರೆ ಉಜ್ಜುವ ಸ್ಟೀಲ್ ನಾರು, ಒಂದು ಮೂಲೆಯಲ್ಲಿ ಉಪ್ಪು ಹಾಕಿದ ಬಂಗುಡೆ ಮೀನಿನ ಪೆಟ್ಟಿಗೆ. ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಅಂಗಡಿ ಎಂದರೆ ಅವನ ಲಾರಿಯೇ.

ಮೋಟಾರು ಬಿಚ್ಚಿದ ಕೂಡಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಒಳಗಿನ ತಾಮ್ರದ ಸುರುಳಿ, ಆರ್ಮೇಚರ್, ಕಪ್ಪಗಾಗಿತ್ತು.

"ಹತ್ತು ಸೆಕೆಂಡಿಗಿಂತ ಜಾಸ್ತಿ ಕೀ ಹಿಡೀಬೇಡಿ ಅಂದಿದ್ದೆ. ಹಿಡಿದ್ರೆ ಎರಡು ನಿಮಿಷ ಬಿಡಿ ಅಂದಿದ್ದೆ. ಇದು ಮೋಟಾರು, ಎತ್ತಲ್ಲ."

"ಎಣಿಸಿಕೊಂಡೇ ಹಿಡೀತೀನಿ, ಯಜಮಾನ್ತಿ. ಗಟ್ಟಿಯಾಗಿ ಎಣಿಸ್ತೀನಿ. ಹಳ್ಳಿ ಅಜ್ಜಿಯರು ಕೇಳಿ ನಗ್ತಾರೆ."

"ದಿನಕ್ಕೆ ಎಷ್ಟು ಸಲ ಸೆಲ್ಫ್ ಹೊಡೀತೀರಿ?"

ತೇಸಿಕ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ನಲವತ್ತು. ನಲವತ್ತೊಂದು."

ಮಾಲ್ಸುಕ್ ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟಳು. "ಡೀಸೆಲ್ ಗಾಡಿ. ನಿಂತಲ್ಲಿ ಇಂಜಿನ್ ಓಡ್ತಾ ಇರಲಿ ಅಂತ ಬಿಡೋಕೇನು ಧಾಡಿ?"

"ಒಂದ್ಸಲ ಬಂದು ನೋಡಿ," ಎಂದಷ್ಟೇ ಹೇಳಿದ.

ಮೋಟಾರು ಮತ್ತೆ ಕಟ್ಟಿ ಲಾರಿಗೆ ಕೂರಿಸಿದ ಮೇಲೆ ಬಂದ ಬುಧವಾರ ಪೇಟೆಯಲ್ಲಿ ಸಂತೆ ಇರಲಿಲ್ಲ. ಅವಳು ಅಂಗಡಿ ಮುಚ್ಚಿ, ಕೈಚೀಲದಲ್ಲಿ ಕರೆಂಟು ಅಳೆಯುವ ಮೀಟರ್ ಹಾಕಿಕೊಂಡು ಲಾರಿಯ ಮುಂದಿನ ಸೀಟು ಹತ್ತಿದಳು. ಮೋಟಾರಿಗಾಗಿ ಹೋಗುತ್ತಿದ್ದೇನೆ ಎಂದು ಪಕ್ಕದ ನೂಡಲ್ಸ್ ಅಂಗಡಿಯವಳಿಗೆ ಕೇಳದಿದ್ದರೂ ಹೇಳಿ ಬಂದಳು. ಏಪ್ರಿಲ್ ತಿಂಗಳು. ಬೆಟ್ಟದ ಬುಡದಲ್ಲೆಲ್ಲ ಮೆಣಸಿನ ಸಸಿ ನೆಡಲು ಹೊಲಗಳಿಗೆ ಕಪ್ಪು ಪ್ಲಾಸ್ಟಿಕ್ ಹಾಸುತ್ತಿದ್ದರು.

ಮೊದಲ ಮನೆ ಪುಂಗಿ ಅಜ್ಜಿಯದು. ಪುಂಗಿ ಅವಳ ತವರೂರು. ಅರವತ್ತೈದು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಅಂಟಿದ ಹೆಸರು. ಲಾರಿ ನಿಂತದ್ದೇ ತೇಸಿಕ್ ಇಂಜಿನ್ ಆರಿಸಿದ. ಕಣಿವೆಗೆ ಕಣಿವೆಯೇ ಒಮ್ಮೆಲೇ ಸುಮ್ಮನಾಯಿತು. ಎಲ್ಲೋ ನೀರು ಹರಿಯುವುದು ಕೇಳಿಸಿತು.

"ಯಾರೋ ಇದು ಹೆಂಗಸು?" ಎಂದಳು ಅಜ್ಜಿ, ಮಾಲ್ಸುಕ್‌ಳನ್ನು ಮೇಲಿಂದ ಕೆಳಗಿನವರೆಗೆ ನೋಡುತ್ತ.

"ಮೋಟಾರು ರಿಪೇರಿ ಯಜಮಾನ್ತಿ, ಅಜ್ಜಿ."

"ಏನು, ಮದುವೆ ಆದ್ರಾ?"

"ಮೋಟಾರು! ಮೋಟಾರು ರಿಪೇರಿ."

"ಅದೂ ಸರಿ. ನಿಂಗೂ ರಿಪೇರಿ ಬೇಕು." ಅಜ್ಜಿ ಮಾಲ್ಸುಕ್ ಕಡೆ ತಿರುಗಿದಳು. "ಇವನು ಹೊಸದಾಗಿ ಬಂದಾಗ ಆ ಇಂಜಿನ್ ಬಡ್ಕೊಳ್ತಾನೇ ಇರೋದಮ್ಮ. ನಾನು ಉಪ್ಪು ಅಂದ್ರೆ ಸೋಪು ಕೊಟ್ಟು ಹೋದ. ಎರಡು ತಿಂಗಳು ಸೋಪು! ಉಪ್ಪಿನಕಾಯಿ ಹಾಕೋಕೆ ಆಗುತ್ತಾ ಅದ್ರಲ್ಲಿ? ಕೊನೆಗೆ ಆರಿಸೋ ಮಹರಾಯ ಅಂತ ಕೀಗೆ ಕೈ ಹಾಕಿದೆ."

ಅಜ್ಜಿ ಕೊಂಡದ್ದು ಒಂದೇ ಒಂದು ತೋಫು. ಮಾತು ಮಾತ್ರ ಮೊಮ್ಮಗಳ ಹಲ್ಲಿನಿಂದ ಹಿಡಿದು ಕಾಡುಹಂದಿ ಕಿತ್ತುಹಾಕಿದ ಆಲೂಗಡ್ಡೆಯವರೆಗೆ ಬಂತು. ತೇಸಿಕ್ ಲಾರಿಯ ಅಂಚಿಗೆ ಒರಗಿಕೊಂಡು ಪ್ರತಿಯೊಂದಕ್ಕೂ ಹೂಂಗುಟ್ಟಿದ. ಯಾವ ಮೊಮ್ಮಗಳು, ಯಾವ ಹಲ್ಲು ಎಂದು ಅವನಿಗೆ ಮೊದಲೇ ಗೊತ್ತಿತ್ತು. ಮುಂದಿನ ಮನೆಯಲ್ಲೂ ಹಾಗೆಯೇ, ಅದರ ಮುಂದಿನದರಲ್ಲೂ. ಮಾಲ್ಸುಕ್‌ಳ ಸಿಟ್ಟು ಯಾವ ಮನೆಯ ಮುಂದೆ ಇಳಿದುಹೋಯಿತೋ ಅವಳಿಗೇ ತಿಳಿಯಲಿಲ್ಲ. ಈ ಲಾರಿಯ ಇಂಜಿನ್ ಆರಲೇಬೇಕು. ಹಾಗಿದ್ದರೆ ಮೋಟಾರು ಉಳಿಸುವ ದಾರಿ ಬೇರೆ ಹುಡುಕಬೇಕು.

ಹತ್ತನೇ ಮನೆಯ ಮುಂದೆ ಸೆಲ್ಫ್ ಸುಸ್ತಾದವರಂತೆ ನರಳಿತು. ತೇಸಿಕ್ ಗಟ್ಟಿಯಾಗಿ ಎಣಿಸತೊಡಗಿದ. "ಒಂದು... ಎರಡು..." ಒಂಬತ್ತಕ್ಕೆ ಕೈಬಿಟ್ಟ.

"ಎರಡು ನಿಮಿಷ ಬಿಡಿ," ಎಂದು ಮಾಲ್ಸುಕ್ ಕೆಳಗಿಳಿದಳು. ಅಂಗಡಿಯಲ್ಲಿ ಬ್ಯಾಟರಿ ನೋಡಿದಾಗಲೆಲ್ಲ ಸರಿಯಾಗಿಯೇ ಇತ್ತು. ಈಗಲೂ ಸರಿ ಇತ್ತು. ಅವಳು ರಸ್ತೆಯ ಮೇಲೆ ಅಂಗಾತ ಮಲಗಿ ಲಾರಿಯ ಅಡಿಗೆ ಜಾರಿ, ಬ್ಯಾಟರಿಯಿಂದ ಹೊರಟ ದಪ್ಪ ಕೇಬಲ್ಲಿನ ಗುಂಟ ಕೈ ಸವರುತ್ತ ಹೋದಳು. ಆ ಕೇಬಲ್ ಲಾರಿಯ ಕಬ್ಬಿಣದ ಚೌಕಟ್ಟಿಗೆ, ಚಾಸಿಗೆ, ಕೂಡುವ ಬೋಲ್ಟಿಗೆ ಬೆರಳು ತಾಗಿದ್ದೇ ತಟ್ಟನೆ ಎಳೆದುಕೊಂಡಳು. ಬೋಲ್ಟು ಸುಡುತ್ತಿತ್ತು. ಸುತ್ತಲೂ ಹಸಿರು ಬಿಳುಪು ಹಕ್ಕಳೆ. ಬೆರಳನ್ನು ಮೂಗಿನ ಹತ್ತಿರ ತಂದಳು. ಬಂಗುಡೆ.

ತಲೆ ಎತ್ತಿ ಹಲಗೆಯ ಸಂದಿನಿಂದ ನೋಡಿದರೆ ಸರಿಯಾಗಿ ಅದರ ಮೇಲೆಯೇ ಮೀನಿನ ಪೆಟ್ಟಿಗೆ. ಎಷ್ಟು ವರ್ಷದಿಂದಲೋ ಉಪ್ಪುನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಜೋಡಣೆಯನ್ನು ತಿಂದುಹಾಕಿತ್ತು. ಕರೆಂಟು ದಾಟಲಾರದೆ ಅಲ್ಲೇ ಬಿಸಿಯಾಗುತ್ತಿತ್ತು. ಹೊಟ್ಟೆಗಿಲ್ಲದ ಮೋಟಾರು ನಿಧಾನಕ್ಕೆ ತಿರುಗಿ, ಇಂಜಿನ್ ಹತ್ತಲು ತಡವಾಗಿ, ತಡವಾದಷ್ಟೂ ತಾನೇ ಸುಟ್ಟುಕೊಳ್ಳುತ್ತಿತ್ತು.

ಅವಳು ಲಾರಿಯ ಅಡಿಯಲ್ಲೇ ಸ್ವಲ್ಪ ಹೊತ್ತು ಮಲಗಿದ್ದಳು. ಮೂರು ಸಲ ಮೋಟಾರು ಮೇಜಿನ ಮೇಲಿಟ್ಟು ಚೆಂದಕ್ಕೆ ಕಟ್ಟಿಕೊಟ್ಟಿದ್ದಳು. ಒಮ್ಮೆಯೂ ಬಗ್ಗಿ ಇಲ್ಲಿ ನೋಡಿರಲಿಲ್ಲ.

"ಏನಾಯ್ತು ಯಜಮಾನ್ತಿ? ಎದ್ದು ಬರೋಕಾಗ್ತಿಲ್ವಾ?"

"ಪ್ಯೋ ಅವ್ರೆ, ತಪ್ಪು ನಿಮ್ಮದಲ್ಲ. ನಂದು. ಮೊದಲನೇ ಸಲವೇ ನಾನು ನೋಡಬೇಕಿತ್ತು. ಸುಮ್ಮನೆ ನಿಮ್ಮನ್ನ ಬೈದೆ."

ಲಾರಿಯ ಆಚೆ ಎರಡು ಬೂಟುಗಳು ಹತ್ತಿರ ಬಂದವು. "ಬೈದಿದ್ದು ಒಳ್ಳೇದೇ ಆಯ್ತು," ಎಂದ ತೇಸಿಕ್. "ಇಲ್ದಿದ್ರೆ ನೀವು ಬರ್ತಿರಲಿಲ್ಲ."

"ಒಂದು ಸ್ಟೀಲ್ ನಾರು ಕೊಡಿ," ಎಂದಳು ಅವಳು. "ವ್ಯಾಸಲೀನ್ ಇದ್ರೆ ಅದೂ."

ಎರಡೂ ಮಾರಾಟದ ಸಾಮಾನಿನಲ್ಲೇ ಸಿಕ್ಕವು. ಮೊದಲು ಬ್ಯಾಟರಿಯ ತುದಿ ಬಿಚ್ಚಿ, ಆಮೇಲೆ ಬೋಲ್ಟು ಕಳಚಿ, ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ದಪ್ಪಗೆ ವ್ಯಾಸಲೀನ್ ಬಳಿದಳು. ಅಷ್ಟರಲ್ಲಿ ಆ ಹಳ್ಳಿಯ ಅಜ್ಜಿಯರೆಲ್ಲ ಸುತ್ತ ಬಂದು ಕೂತಿದ್ದರು. ಒಬ್ಬಳು ಬೇಯಿಸಿದ ಗೆಣಸು ತಂದಿದ್ದಳು. ತೇಸಿಕ್ ಕೀ ತಿರುಗಿಸಿ "ಒಂದು" ಎನ್ನುವಷ್ಟರಲ್ಲಿ ಇಂಜಿನ್ ಹತ್ತಿಕೊಂಡಿತು. ಅವನು ನಂಬದೆ ಆರಿಸಿ ಮತ್ತೊಮ್ಮೆ ಹಚ್ಚಿದ. ಆಗಲೂ ಹಾಗೆಯೇ.

"ಸಾಕು, ಸುಮ್ನೆ ಸವೆಸಬೇಡಿ. ಎಷ್ಟು ಚೆನ್ನಾಗಿದ್ರೂ ದಿನಕ್ಕೆ ನಲವತ್ತು ಸಲ ಅಂದ್ರೆ ಮೋಟಾರಿನೊಳಗಿನ ಕಾರ್ಬನ್ ಬ್ರಷ್ ಸವೆದೇ ಸವೆಯುತ್ತೆ," ಎಂದಳು ಮಾಲ್ಸುಕ್.

ಆ ಮಾತು ಅಜ್ಜಿಯರ ಕಿವಿಗೂ ಬಿತ್ತು. ಫೋನಿನಿಂದ ಫೋನಿಗೆ ಬೆಟ್ಟ ಹತ್ತಿತು.

ಮುಂದಿನ ವಾರ ಮಾಲ್ಸುಕ್ ಮತ್ತೆ ಹೋದಳು. ತೇಸಿಕ್ ಮೀನಿನ ಪೆಟ್ಟಿಗೆಯನ್ನು ಆಚೆ ಬದಿಗೆ ಸರಿಸಿ ಕೆಳಗೊಂದು ತಟ್ಟೆ ಇಟ್ಟಿದ್ದ. ಇಂಜಿನ್ನಿಂದ ನೇರವಾಗಿ ಬ್ಯಾಟರಿಗೆ ಇನ್ನೊಂದು ಕೇಬಲ್ ಅವಳೇ ಎಳೆದಿದ್ದಳು. ಪುಂಗಿ ಅಜ್ಜಿಯ ಮನೆ ಮುಂದೆ ಯಾರೂ ಇರಲಿಲ್ಲ. ಅಜ್ಜಿಗೆ ಏನಾಯಿತೋ ಎಂದು ತೇಸಿಕ್ ಲಾರಿಯ ವೇಗ ಹೆಚ್ಚಿಸಿದ. ತಿರುವು ದಾಟಿದರೆ ಊರಿನ ದೊಡ್ಡ ಝಲ್ಕೋವಾ ಮರದ ಕಟ್ಟೆಯ ಮೇಲೆ ಎಂಟು ಮನೆಯ ಎಂಟು ಅಜ್ಜಿಯರು, ಊರುಗೋಲು, ಹಿಡಿದು ನಡೆಯುವ ತಳ್ಳುಗಾಡಿ ಸಮೇತ ಸಾಲಾಗಿ ಕೂತಿದ್ದರು.

"ಎಷ್ಟು ಹೊತ್ತು ಕಾಯ್ಸೋದೋ ಪ್ಯೋ?" ಎಂದಳು ಪುಂಗಿ ಅಜ್ಜಿ. "ಇನ್ಮೇಲೆ ಊರಿಗೊಂದೇ ಸಲ ಆರಿಸು. ಎಲ್ಲರದ್ದೂ ಇಲ್ಲೇ ಮಾತಾಡು. ಈ ಪಕ್ಕದ ಮನೆಯವಳ ಸೊಸೆ ಕಥೆ ನಾನೂ ಕೇಳಬೇಕು, ನಿನಗೊಬ್ಬನಿಗೇ ಯಾಕೆ?"

ಸೆಲ್ಫ್ ಹೊಡೆಯುವುದು ದಿನಕ್ಕೆ ನಲವತ್ತೊಂದರಿಂದ ಹದಿನಾಲ್ಕಕ್ಕೆ ಇಳಿಯಿತು. ಇನ್ನೊಂದು ಹಳ್ಳಿಯಲ್ಲಿ ಉಲ್ಜಿನ್ ತವರಿನ ಅಜ್ಜಿಗೆ ಮಾತ್ರ ಮಂಡಿ ನೋವು, ಕಟ್ಟೆಗೆ ಬರಲಾರಳು. ಅವಳ ಮನೆ ದಿಣ್ಣೆಯ ತುದಿಯಲ್ಲಿತ್ತು. ತೇಸಿಕ್ ಮಾಲ್ಸುಕ್ ಮುಖ ನೋಡಿದ.

"ಅಲ್ಲಿಗೆ ಹೋಗೋದೇ," ಎಂದಳು ಅವಳು. "ಆರಿಸಿ ಕೂತು ಮಾತಾಡಿ. ಅಷ್ಟನ್ನೂ ತಡೀದಿದ್ರೆ ನಾನು ಕಟ್ಟಿದ್ದು ಎಂಥ ಮೋಟಾರು?"

ಮೋಟಾರು ನೋಡಲೆಂದು ಮಾಲ್ಸುಕ್ ಪ್ರತಿ ಬುಧವಾರ ಲಾರಿ ಹತ್ತುತ್ತಲೇ ಇದ್ದಳು. ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಮೋಟಾರು ಇಳಿಸಿ ಬಿಚ್ಚಿ ನೋಡಿದರು. ಬ್ರಷ್ ಅರ್ಧವೂ ಸವೆದಿರಲಿಲ್ಲ. ತಾಮ್ರ ಬೆಳಕಿಗೆ ಮಿನುಗಿತು. ಮಾಲ್ಸುಕ್ ಅದನ್ನು ಬಟ್ಟೆಯಲ್ಲಿ ಒರೆಸುತ್ತ ಕೂತಳು.

ತೇಸಿಕ್ ನೆಲ ನೋಡುತ್ತ ಹೇಳಿದ: "ಹಾಗಾದ್ರೆ ಬುಧವಾರ ಬುಧವಾರ ನೀವು ಬಂದು ನೋಡೋ ಅಗತ್ಯ ಇನ್ನಿಲ್ಲ ಅಲ್ವಾ?"

"ಮೋಟಾರಿಗೆ ಇಲ್ಲ," ಎಂದಳು ಮಾಲ್ಸುಕ್.

ಅವನು ಅದನ್ನು ಅರ್ಥ ಮಾಡಿಕೊಳ್ಳಲು ಸುಮಾರು ಹೊತ್ತು ತೆಗೆದುಕೊಂಡ. ಅವಳು ಅವಸರ ಮಾಡಲಿಲ್ಲ. ಮೋಟಾರು ಜೋಡಿಸಿ ಮುಗಿಸಿ, ಕೈ ತೊಳೆದು ಬಂದಾಗ ಅವನು ಮುಂದಿನ ಸೀಟಿನ ಮೇಲಿದ್ದ ಖಾಲಿ ಡಬ್ಬಗಳನ್ನೆಲ್ಲ ಹಿಂದಕ್ಕೆ ಸಾಗಿಸಿ, ಮಾರಾಟದ ಸಾಮಾನಿನಿಂದ ಹೊಸದೊಂದು ದಿಂಬು ತೆಗೆದು ಅಲ್ಲಿ ಹಾಕುತ್ತಿದ್ದ.