ಒಗ್ಗರಣೆ ಇಲ್ಲದ ಕುಂಬಳಕಾಯಿ

ನಾನು ಒಂದು ಸ್ಟೀಲ್ ತಟ್ಟೆ. ಹುಟ್ಟುವಾಗ ಬರೀ ತಗಡಾಗಿದ್ದೆ. ಮೆಷಿನ್ ಒಮ್ಮೆ ಧಡ್ ಎಂದು ಒತ್ತಿದ ಮೇಲೆ ನನಗೆ ಅಂಚು ಬಂತು. ಮೈಸೂರಿನ ಪಾತ್ರೆ ಅಂಗಡಿಯಲ್ಲಿ ಆ ಅಂಚಿಗೆ ‘ಪುಟ್ಟತಾಯಮ್ಮ’ ಎಂದು ಹೆಸರು ಕೊರೆದರು. ಎಂಥ ಕಚಗುಳಿ!

ಪುಟ್ಟತಾಯಮ್ಮ ಮೂವತ್ತು ವರ್ಷ ನನ್ನಲ್ಲೇ ಉಂಡರು. ಅವರ ಸಿಹಿಗುಂಬಳದ ಹುಳಿಯ ಘಮಕ್ಕೆ ಪಕ್ಕದ ಮನೆಯವರು ಬಟ್ಟಲು ಹಿಡಿದು ಬರುತ್ತಿದ್ದರು. ಒಂದು ದಿನ ಕೈಜಾರಿ ಬಿದ್ದು ನನ್ನ ಅಂಚು ಮಡಚಿಕೊಂಡಿತು. ಮೊಮ್ಮಗಳು ಹಂಸ ನನ್ನನ್ನು ಜಗಲಿಗೆ ತಂದು, ಸುರುಳಿ ಬಾಲದ ತನ್ನ ನಾಯಿ ಚಕ್ಲಿಯ ಮುಂದಿಟ್ಟಳು. ಅವಮಾನವಾಯಿತು. ಆದರೆ ಅಷ್ಟು ಪ್ರೀತಿಯಿಂದ ಅದುವರೆಗೆ ಯಾರೂ ನನ್ನನ್ನು ನೆಕ್ಕಿರಲಿಲ್ಲ!

ಚಕ್ಲಿಗೆ ವಯಸ್ಸಾಯಿತು, ಹೊಟ್ಟೆ ಕೆಟ್ಟಿತು. ಸಿಪ್ಪೆ, ಬೀಜ ತೆಗೆದ ಸಿಹಿಗುಂಬಳವನ್ನು ಬರೀ ನೀರಲ್ಲಿ ಬೇಯಿಸಿ ಸ್ವಲ್ಪ ಸ್ವಲ್ಪ ಕೊಡಿ, ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಸೋಕಿಸಬೇಡಿ ಎಂದರು ಡಾಕ್ಟರು.

ಹಂಸ ಕಾಲೇಜಿಗೆ ಹೊರಟ ಕೂಡಲೇ ಅಜ್ಜಿ ಬರುತ್ತಿದ್ದರು.

“ಸಪ್ಪೆ ತಿನ್ನಕೆ ನೀನೇನು ಪಾಪ ಮಾಡಿದ್ಯೋ ಮಗ?” ಎನ್ನುತ್ತ ಬೆಂದ ಹೋಳಿನ ಮೇಲೆ ಈರುಳ್ಳಿ ಒಗ್ಗರಣೆ ಸುರಿಯುತ್ತಿದ್ದರು. ಕೂಗಿ ತಡೆಯಬೇಕೆನಿಸುತ್ತಿತ್ತು. ತಟ್ಟೆಗೆಲ್ಲಿಯ ಬಾಯಿ? ಚಕ್ಲಿ ಒಂದು ಚೂರೂ ಬಿಡುತ್ತಿರಲಿಲ್ಲ.

ವಾರದೊಳಗೆ ಅವನು ಏಳದಾದ. ಒಸಡು ಬಿಳಿಚಿತ್ತು. ಹಂಸ ನನ್ನನ್ನು ಎತ್ತಿ ನೋಡಿದಳು. ಮಡಚಿದ ಅಂಚಿನ ಸಂದಿಯಲ್ಲಿ ಎರಡು ಸಾಸಿವೆ, ಒಂದು ಈರುಳ್ಳಿ ಚೂರು ಸಿಕ್ಕಿಕೊಂಡಿದ್ದವು.

“ಅಜ್ಜೀ! ಇದೇನಿದು?”

“ಬಾಯಿಗೆ ರುಚಿ ಬೇಡ್ವೇನೇ ಅದಕ್ಕೆ?”

“ಈರುಳ್ಳಿ ನಾಯಿಗೆ ವಿಷ ಅಜ್ಜಿ! ರಕ್ತಾನೇ ಕೆಡ್ಸತ್ತೆ!”

ಅಜ್ಜಿ ಬರಿಗಾಲಲ್ಲೇ ಆಟೋ ಕರೆಯಲು ಬೀದಿಗೆ ಹೋದರು.

ಚಕ್ಲಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ನಾಲ್ಕು ದಿನವೂ ಅಜ್ಜಿ ಖಾಲಿಯಿದ್ದ ನನ್ನನ್ನೇ ತಿಕ್ಕಿ ತಿಕ್ಕಿ ತೊಳೆದರು.

ಮನೆಗೆ ಬಂದವನು ಸಪ್ಪೆ ಹೋಳು ಮೂಸಿ ಮುಖ ತಿರುಗಿಸಿದ. ಅಜ್ಜಿ ಅದೇ ಪಾತ್ರೆಯಿಂದ ತಮ್ಮ ತಟ್ಟೆಗೂ ಬಡಿಸಿಕೊಂಡು ಅವನೆದುರು ಕೂತರು. ಒಂದು ತುತ್ತಿಗೇ ಮುಖ ಕಿವುಚಿದರು.

“ಥೂ... ಅಲ್ಲ, ಚೆನ್ನಾಗದೆ ಕಣೋ! ತಿನ್ನು!”

ಚಕ್ಲಿ ಬಾಯಿ ಹಾಕಿದ. ಆಮೇಲೆ ಎರಡು ವರ್ಷ, ಅವನ ಕೊನೆಯ ದಿನದವರೆಗೂ, ಇಬ್ಬರೂ ಎದುರುಬದುರು ಸಪ್ಪೆ ಉಂಡರು.

ಈಗ ನಾನು ಹಿತ್ತಿಲ ಗೋಡೆಯ ಮೇಲಿದ್ದೇನೆ. ಇವತ್ತಿಗೂ ಹುಳಿಗೆ ಉಪ್ಪು ಹಾಕುವ ಮುಂಚೆ ಅಜ್ಜಿ ಒಂದು ಹೋಳು ಎತ್ತಿ, ಆರಿಸಿ, ತಂದು ನನ್ನಲ್ಲಿಡುತ್ತಾರೆ. ಅಳಿಲು ಬಂದು ತಿನ್ನುತ್ತದೆ.

ಅದಕ್ಕೆ ತಟ್ಟೆ ನೆಕ್ಕುವ ಅಭ್ಯಾಸವಿಲ್ಲ.